ಬಣ್ಣ ಮತ್ತು ಉಪ್ಪು: ಹತ್ತಿ ಬಟ್ಟೆ ಬಣ್ಣಗಾರಿಕೆಯ ತ್ಯಾಜ್ಯನೀರಿನ ಶುದ್ಧೀಕರಣ

ಹತ್ತಿ ಬಟ್ಟೆಗೆ ಬಣ್ಣ ಹಾಕುವ ಘಟಕದಿಂದ ಹೊರಬೀಳುವ ನೀರಿನಲ್ಲಿ ಎರಡು ಮುಖ್ಯ ಮಾಲಿನ್ಯಗಳಿರುತ್ತವೆ: ಬಟ್ಟೆಗೆ ಹಿಡಿಯದೆ ಉಳಿದ ಬಣ್ಣ ಮತ್ತು ಬಣ್ಣ ಹಿಡಿಸಲು ಬಳಸಿದ ಉಪ್ಪು. ಮೊದಲನೆಯದು ಲೀಟರಿಗೆ ಒಂದು ಮಿಲಿಗ್ರಾಂನಷ್ಟಿದ್ದರೂ ಕಣ್ಣಿಗೆ ಬೀಳುತ್ತದೆ. ಎರಡನೆಯದು ಹಲವು ಸಾವಿರ ಮಿಲಿಗ್ರಾಂ ಇದ್ದರೂ ಕಾಣುವುದಿಲ್ಲ. ಶುದ್ಧೀಕರಣದ ಸಂಶೋಧನೆ ಬಹುಪಾಲು ಕಾಣುವ ಬಣ್ಣದ ಬೆನ್ನು ಹತ್ತಿದೆ. ಆದರೆ ಬಾವಿ, ಹೊಲ, ನದಿಗಳಿಗೆ ದೀರ್ಘಕಾಲ ಹಾನಿ ಮಾಡುವುದರಲ್ಲಿ ಉಪ್ಪಿನ ಪಾಲು ದೊಡ್ಡದು. ಬಣ್ಣ ತೆಗೆಯುವ ಹಲವು ವಿಧಾನಗಳು ಆ ಉಪ್ಪನ್ನು ಇನ್ನಷ್ಟು ಹೆಚ್ಚಿಸುತ್ತವೆ ಎಂಬುದನ್ನು ತಿರುಪ್ಪೂರಿನ ನಿದರ್ಶನದೊಂದಿಗೆ ಇಲ್ಲಿ ಪರಿಶೀಲಿಸಲಾಗಿದೆ.

ತ್ಯಾಜ್ಯನೀರಿನ ಹುಟ್ಟು

1856ರಲ್ಲಿ ವಿಲಿಯಂ ಹೆನ್ರಿ ಪರ್ಕಿನ್ ಮಾವೀನ್ ಎಂಬ ಸಂಶ್ಲೇಷಿತ ಬಣ್ಣವನ್ನು ತಯಾರಿಸಿದ. 1858ರಲ್ಲಿ ಪೀಟರ್ ಗ್ರೀಸ್ ಡಯಾಜೋ ಕ್ರಿಯೆಯನ್ನು ವಿವರಿಸಿದ ಮೇಲೆ ಅಜೋ ಬಣ್ಣಗಳ ದಾರಿ ತೆರೆಯಿತು. ಇಂದು ಬಳಕೆಯಲ್ಲಿರುವ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈ ಗುಂಪಿನವು. ಎರಡು ಸಾರಜನಕ ಪರಮಾಣುಗಳ ನಡುವಿನ ಜೋಡಿಬಂಧ ಇವುಗಳ ಗುರುತು. 1956ರಲ್ಲಿ ಬ್ರಿಟನ್ನಿನ ಐಸಿಐ ಕಂಪನಿ ಮಾರುಕಟ್ಟೆಗೆ ತಂದ ಪ್ರೊಸಿಯಾನ್ ಬಣ್ಣಗಳೊಂದಿಗೆ ರಿಯಾಕ್ಟಿವ್ ಬಣ್ಣಗಳ ಯುಗ ಆರಂಭವಾಯಿತು. ಇವು ಹತ್ತಿಯ ಸೆಲ್ಯುಲೋಸ್ ಜೊತೆ ನೇರವಾಗಿ ರಾಸಾಯನಿಕ ಬಂಧ ಬೆಳೆಸುವುದರಿಂದ ಒಗೆದರೂ ಬಣ್ಣ ಬಿಡುವುದಿಲ್ಲ.

ಈ ಗುಣಕ್ಕೆ ತೆರಬೇಕಾದ ಬೆಲೆ ಎರಡು ಬಗೆಯದು. ಬಣ್ಣದ ಅಣು ಕ್ಷಾರದ್ರಾವಣದಲ್ಲಿ ಸೆಲ್ಯುಲೋಸಿನೊಂದಿಗೆ ಕೂಡುವಂತೆಯೇ ನೀರಿನೊಂದಿಗೂ ಕೂಡುತ್ತದೆ. ಹಾಗೆ ನೀರಿನೊಂದಿಗೆ ಕೂಡಿದ ಅಣು ಮತ್ತೆ ಬಟ್ಟೆಗೆ ಹಿಡಿಯುವುದಿಲ್ಲ. ಇದರಿಂದ ಬಣ್ಣದ 10ರಿಂದ 40 ಪ್ರತಿಶತ ಭಾಗ ತೊಳೆದ ನೀರಿನ ಪಾಲಾಗುತ್ತದೆ. ಇನ್ನು, ನೀರಿನಲ್ಲಿ ನೆನೆದ ಹತ್ತಿಯ ಮೇಲ್ಮೈಗೂ ಬಣ್ಣದ ಅಣುವಿಗೂ ಋಣ ವಿದ್ಯುದಾವೇಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಈ ವಿಕರ್ಷಣೆಯನ್ನು ತಗ್ಗಿಸಲು ಸಾಮಾನ್ಯ ಉಪ್ಪನ್ನೋ ಗ್ಲಾಬರ್ ಲವಣವನ್ನೋ, ಎಂದರೆ ಸೋಡಿಯಂ ಸಲ್ಫೇಟನ್ನೋ, ಸುರಿಯಬೇಕು. ಲೀಟರಿಗೆ 60 ಗ್ರಾಂ ಉಪ್ಪು ಹಾಕಿ, ಒಂದು ಕಿಲೋ ಬಟ್ಟೆಗೆ 10 ಲೀಟರ್ ನೀರು ಬಳಸಿದರೆ ಕಿಲೋ ಬಟ್ಟೆಗೆ 600 ಗ್ರಾಂ ಉಪ್ಪು ಬೇಕಾಗುತ್ತದೆ. ಉಪ್ಪು ಕ್ರಿಯೆಯಲ್ಲಿ ವ್ಯಯವಾಗುವುದಿಲ್ಲ. ಹಾಕಿದ್ದೆಲ್ಲ ಹೊರಗೆ ಬರುತ್ತದೆ.

ನೊಯ್ಯಲ್ ನದಿಯ ನಿದರ್ಶನ

ಪಶ್ಚಿಮ ಘಟ್ಟದ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಕೊಯಮತ್ತೂರು ಮತ್ತು ತಿರುಪ್ಪೂರುಗಳನ್ನು ಹಾದು ಕಾವೇರಿಗೆ ಸೇರುವ ನದಿ ನೊಯ್ಯಲ್. ಹೊಸೈರಿ ಬಟ್ಟೆಯ ರಫ್ತಿನಿಂದ ಬೆಳೆದ ತಿರುಪ್ಪೂರಿನಲ್ಲಿ ನೂರಾರು ಬಣ್ಣ ಹಾಕುವ ಮತ್ತು ಬಿಳುಪುಗೊಳಿಸುವ ಘಟಕಗಳು ತಲೆಯೆತ್ತಿದವು. ನೀರಾವರಿಗೆಂದು ಕೆಳಹರಿವಿನಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು 1990ರ ದಶಕದಲ್ಲಿ ಬಣ್ಣದ ತ್ಯಾಜ್ಯ ನಿಲ್ಲುವ ತಾಣವಾಯಿತು. ಅಲ್ಲಿನ ನೀರು ಅಂತರ್ಜಲಕ್ಕಿಳಿದು ಸುತ್ತಲಿನ ಬಾವಿಗಳನ್ನು ಉಪ್ಪಾಗಿಸಿತು.

ಸೋಡಿಯಂ ಹೆಚ್ಚಿರುವ ನೀರನ್ನು ಹೊಲಕ್ಕೆ ಹಾಯಿಸಿದರೆ ಜೇಡಿಕಣಗಳ ಮೇಲಿನ ಕ್ಯಾಲ್ಸಿಯಂ ಜಾಗವನ್ನು ಸೋಡಿಯಂ ಹಿಡಿಯುತ್ತದೆ. ಕಣಗಳು ಚದುರಿ ಮಣ್ಣಿನ ರಂಧ್ರಗಳು ಮುಚ್ಚುತ್ತವೆ, ನೀರು ಇಂಗುವುದು ನಿಧಾನವಾಗುತ್ತದೆ. ಬಣ್ಣ ತಿಳಿಯಾದ ನೀರೂ ಈ ಹಾನಿಯನ್ನು ಮಾಡಬಲ್ಲದು. ಕೆಳಹರಿವಿನ ರೈತರ ದೀರ್ಘ ಕಾನೂನು ಹೋರಾಟದ ಬಳಿಕ 2011ರ ಜನವರಿ 28ರಂದು ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ಹನಿ ನೀರನ್ನೂ ಹೊರಬಿಡದ ‘ಶೂನ್ಯ ದ್ರವ ವಿಸರ್ಜನೆ’ ಸಾಧಿಸಿದ ಮೇಲೆಯೇ ಅವುಗಳಿಗೆ ಮತ್ತೆ ಕೆಲಸ ಆರಂಭಿಸಲು ಅವಕಾಶ ದೊರೆಯಿತು.

ಬಣ್ಣ ತೆಗೆಯುವ ವಿಧಾನಗಳು

ಹಳೆಯ ವಿಧಾನ ಹೆಪ್ಪುಗಟ್ಟಿಸುವುದು. ಪಟಿಕ, ಕಬ್ಬಿಣದ ಲವಣ ಅಥವಾ ಸುಣ್ಣ ಸೇರಿಸಿದಾಗ ಬಣ್ಣದ ಕಣಗಳು ಗಡ್ಡೆಗಟ್ಟಿ ತಳಕ್ಕಿಳಿಯುತ್ತವೆ. ನೀರಿನಲ್ಲಿ ಕರಗದ ಡಿಸ್ಪರ್ಸ್ ಬಣ್ಣಗಳಿಗೆ ಇದು ಹೊಂದುತ್ತದೆ. ಚೆನ್ನಾಗಿ ಕರಗುವ ರಿಯಾಕ್ಟಿವ್ ಬಣ್ಣಗಳ ಮೇಲೆ ಪರಿಣಾಮ ಕಡಿಮೆ. ತಳದಲ್ಲಿ ಉಳಿಯುವ ರಾಸಾಯನಿಕ ಕೆಸರಿನ ವಿಲೇವಾರಿ ಬೇರೆಯದೇ ಹೊರೆ. ಹಾಕಿದ ಲವಣದ ಸಲ್ಫೇಟ್ ಅಥವಾ ಕ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ.

ಅಧಿಶೋಷಣೆಯಲ್ಲಿ ಸಕ್ರಿಯ ಇದ್ದಿಲು ತನ್ನ ಮೇಲ್ಮೈಯಲ್ಲಿ ಬಣ್ಣದ ಅಣುಗಳನ್ನು ಹಿಡಿದಿಡುತ್ತದೆ. ಇದ್ದಿಲು ದುಬಾರಿಯಾದ್ದರಿಂದ ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಕಬ್ಬಿನ ಸಿಪ್ಪೆ ಮೊದಲಾದ ಅಗ್ಗದ ವಸ್ತುಗಳ ಮೇಲೆ ಅಸಂಖ್ಯ ಪ್ರಯೋಗಗಳು ನಡೆದಿವೆ. ಇವುಗಳಲ್ಲಿ ಅನೇಕವು ಮೆಥಿಲೀನ್ ಬ್ಲೂ ಬಣ್ಣವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿ ಮಾಡಿದವು. ಮೆಥಿಲೀನ್ ಬ್ಲೂ ಧನ ಆವೇಶದ್ದು. ಸಸ್ಯಜನ್ಯ ವಸ್ತುಗಳ ಮೇಲ್ಮೈ ಸಾಮಾನ್ಯವಾಗಿ ಋಣ ಆವೇಶದ್ದು. ಅವು ತಾವಾಗಿಯೇ ಅಂಟಿಕೊಳ್ಳುತ್ತವೆ. ರಿಯಾಕ್ಟಿವ್ ಬಣ್ಣಕ್ಕೆ ಋಣ ಆವೇಶವಿರುವುದರಿಂದ ಆ ಫಲಿತಾಂಶವನ್ನು ಬಣ್ಣದ ಮನೆಯ ನೀರಿಗೆ ಹಾಗೆಯೇ ಅನ್ವಯಿಸಲಾಗದು. ಮೇಲಾಗಿ ನಿಜವಾದ ತ್ಯಾಜ್ಯದಲ್ಲಿ ಉಪ್ಪು, ಸೋಡಾ, ಸಾಬೂನು ಪದಾರ್ಥಗಳೂ ಬೆರೆತಿರುತ್ತವೆ.

ಜೈವಿಕ ವಿಧಾನದಲ್ಲಿ ಎರಡು ಹಂತಗಳು ಅಗತ್ಯ. ಆಮ್ಲಜನಕವಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅಜೋ ಬಂಧವನ್ನು ಮುರಿಯುತ್ತವೆ, ಬಣ್ಣ ಮಾಯವಾಗುತ್ತದೆ. ಆದರೆ ಆಗ ಹುಟ್ಟುವ ಅರೋಮ್ಯಾಟಿಕ್ ಅಮೀನುಗಳಲ್ಲಿ ಕೆಲವು ಮೂಲ ಬಣ್ಣಕ್ಕಿಂತ ವಿಷಕಾರಿ. ಬೆಂಜಿಡೀನ್ ಮೂತ್ರಕೋಶದ ಕ್ಯಾನ್ಸರ್ ತರುವ ಅಮೀನು. ಇಂಥವನ್ನು ಬಿಡುಗಡೆ ಮಾಡುವ ಅಜೋ ಬಣ್ಣಗಳನ್ನು ಜರ್ಮನಿ 1990ರ ದಶಕದಲ್ಲಿ ನಿಷೇಧಿಸಿತು, ಭಾರತವೂ ಅದೇ ದಶಕದಲ್ಲಿ ನಿರ್ಬಂಧ ಹೇರಿತು. ಅಮೀನುಗಳನ್ನು ಕೊಳೆಯಿಸಲು ಗಾಳಿ ಊದುವ ಎರಡನೆಯ ತೊಟ್ಟಿ ಬೇಕು. ಸಲ್ಫೋನೇಟೆಡ್ ಅಮೀನುಗಳು ಅಲ್ಲಿಯೂ ಸುಲಭಕ್ಕೆ ಬಗ್ಗುವುದಿಲ್ಲ. ಬಣ್ಣ ಹೋದದ್ದನ್ನೇ ಶುದ್ಧೀಕರಣವೆಂದು ಅಳೆದರೆ ಈ ಅಪಾಯ ಲೆಕ್ಕಕ್ಕೆ ಸಿಗುವುದಿಲ್ಲ.

ಉನ್ನತ ಉತ್ಕರ್ಷಣ ವಿಧಾನಗಳು ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ಬಣ್ಣದ ಅಣುವನ್ನೇ ಒಡೆಯುತ್ತವೆ. ಹೆನ್ರಿ ಫೆಂಟನ್ 1894ರಲ್ಲಿ ವರದಿ ಮಾಡಿದ ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ನ ಕ್ರಿಯೆ ಇವುಗಳಲ್ಲಿ ಪ್ರಸಿದ್ಧ. ಇದಕ್ಕೆ ಪಿಎಚ್ 3ರ ಆಸುಪಾಸು ಅನುಕೂಲ. ಬಣ್ಣದ ಮನೆಯ ನೀರು ಕ್ಷಾರೀಯ. ಆಮ್ಲ ಸುರಿದು ಇಳಿಸಿ, ಮತ್ತೆ ಕ್ಷಾರ ಹಾಕಿ ಏರಿಸುವಾಗ ಕರಗಿದ ಲವಣ ಇನ್ನಷ್ಟು ಹೆಚ್ಚುತ್ತದೆ. ನೀರಿನಲ್ಲಿರುವ ಕಾರ್ಬೊನೇಟ್ ಮತ್ತು ಕ್ಲೋರೈಡ್‌ಗಳು ರ‍್ಯಾಡಿಕಲ್‌ಗಳನ್ನು ನಡುವೆಯೇ ಕಬಳಿಸುತ್ತವೆ. ಟೈಟಾನಿಯಂ ಡೈಆಕ್ಸೈಡ್ ಆಧಾರಿತ ಬೆಳಕಿನ ಉತ್ಕರ್ಷಣಕ್ಕೆ ನೇರಳಾತೀತ ಕಿರಣ ಬೇಕು; ಬಿಸಿಲಿನಲ್ಲಿ ಅದರ ಪಾಲು ಅಲ್ಪ. ಓಜೋನ್ ಲವಣವನ್ನಾಗಲಿ ಕೆಸರನ್ನಾಗಲಿ ಹೆಚ್ಚಿಸುವುದಿಲ್ಲ, ಆದರೆ ವಿದ್ಯುತ್ ಖರ್ಚು ಹೆಚ್ಚು.

ಉಪ್ಪು ತೆಗೆಯುವ ಮತ್ತು ಮರಳಿ ಬಳಸುವ ವಿಧಾನ

ಮೇಲಿನ ಯಾವ ವಿಧಾನವೂ ಉಪ್ಪನ್ನು ತೆಗೆಯುವುದಿಲ್ಲ. ಅದಕ್ಕೆ ಪೊರೆಗಳು ಬೇಕು. ತಿರುಪ್ಪೂರಿನ ಸಾಮೂಹಿಕ ಸಂಸ್ಕರಣಾ ಘಟಕಗಳಲ್ಲಿ ಜೈವಿಕ ಸಂಸ್ಕರಣೆ ಮತ್ತು ಸೋಸುವಿಕೆಯ ನಂತರ ನೀರು ರಿವರ್ಸ್ ಆಸ್ಮೋಸಿಸ್ ಎಂಬ ಆರ್‌ಒ ಪೊರೆಗಳಿಗೆ ಹೋಗುತ್ತದೆ. ದಾಟಿ ಬಂದ ನೀರು ಬಣ್ಣದ ಮನೆಗೆ ಮರಳುತ್ತದೆ. ಉಳಿದ ಗಾಢ ಉಪ್ಪುನೀರನ್ನು ಆವಿಯಾಗಿಸಬೇಕು. ಒಂದು ಕಿಲೋ ನೀರನ್ನು ಆವಿಯಾಗಿಸಲು ಸುಮಾರು 2,260 ಕಿಲೋಜೂಲ್ ಶಾಖ ಬೇಕು. ಹಲವು ಹಂತದ ಬಾಷ್ಪಕಗಳಲ್ಲಿ ಒಂದು ಹಂತದ ಆವಿಯಿಂದಲೇ ಮುಂದಿನ ಹಂತವನ್ನು ಕಾಯಿಸಿ ಇಂಧನ ಉಳಿಸಿದರೂ, ಇಡೀ ವ್ಯವಸ್ಥೆಯಲ್ಲಿ ಅತ್ಯಂತ ದುಬಾರಿ ಹಂತ ಇದೇ.

ಇಲ್ಲಿ ಉಪ್ಪಿನ ಆಯ್ಕೆ ಮುಖ್ಯವಾಗುತ್ತದೆ. ಸೋಡಿಯಂ ಸಲ್ಫೇಟಿನ ಕರಗುವಿಕೆ 32.4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೀವ್ರವಾಗಿ ಕುಸಿಯುವುದರಿಂದ, ಗಾಢ ದ್ರಾವಣವನ್ನು ತಂಪಾಗಿಸಿದರೆ ಗ್ಲಾಬರ್ ಲವಣ ಹರಳಾಗಿ ಬೇರೆಯಾಗುತ್ತದೆ ಮತ್ತು ಮತ್ತೆ ಬಣ್ಣಗಾರಿಕೆಗೆ ಒದಗುತ್ತದೆ. ಸಾಮಾನ್ಯ ಉಪ್ಪು ಮತ್ತು ಗ್ಲಾಬರ್ ಲವಣ ಎರಡೂ ಬೆರೆತು ಒಣಗಿದರೆ ಸಿಗುವ ಮಿಶ್ರಲವಣಕ್ಕೆ ಉಪಯೋಗವಿಲ್ಲ. ಅದನ್ನು ಮಳೆನೀರು ತಾಕದಂತೆ ಕೂಡಿಡಬೇಕಾಗುತ್ತದೆ.

ಮೂಲದಲ್ಲೇ ಕಡಿತ

ಹೊರಬಂದ ಉಪ್ಪನ್ನು ಹಿಡಿಯುವುದಕ್ಕಿಂತ ಹಾಕುವುದನ್ನೇ ಕಡಿಮೆ ಮಾಡುವುದು ಅಗ್ಗ. ಕಿಲೋ ಬಟ್ಟೆಗೆ 10 ಲೀಟರ್ ಬದಲು 5 ಲೀಟರ್ ನೀರಿನಲ್ಲಿ ಕೆಲಸ ಮಾಡುವ ಯಂತ್ರದಲ್ಲಿ ಅದೇ ಸಾಂದ್ರತೆಗೆ 600 ಗ್ರಾಂ ಬದಲು 300 ಗ್ರಾಂ ಉಪ್ಪು ಸಾಕು. ಎರಡು ಕ್ರಿಯಾಶೀಲ ಗುಂಪುಗಳಿರುವ ಬಣ್ಣಗಳು ಬಟ್ಟೆಗೆ ಹೆಚ್ಚು ಹಿಡಿಯುತ್ತವೆ. ಕೋಲ್ಡ್ ಪ್ಯಾಡ್ ಬ್ಯಾಚ್ ಕ್ರಮದಲ್ಲಿ ಬಟ್ಟೆಗೆ ಬಣ್ಣ ಮತ್ತು ಕ್ಷಾರವನ್ನು ಒತ್ತಿ ಹಿಡಿಸಿ, ಸುರುಳಿ ಸುತ್ತಿ, ಕೋಣೆಯ ಉಷ್ಣತೆಯಲ್ಲಿ ಹಲವು ಗಂಟೆ ಬಿಡುತ್ತಾರೆ. ಉಪ್ಪಿನ ಅಗತ್ಯ ಬಹುತೇಕ ಇಲ್ಲ. ಬಣ್ಣದ ತೊಟ್ಟಿಯ ಗಾಢ ನೀರನ್ನೂ ಕೊನೆಯ ತೊಳೆತದ ತೆಳು ನೀರನ್ನೂ ಬೇರೆ ಬೇರೆ ಕೊಳವೆಗಳಲ್ಲಿ ಒಯ್ದರೆ ಸಂಸ್ಕರಣೆಯ ಹೊರೆ ಇಳಿಯುತ್ತದೆ.

ಒಂದೇ ವಿಧಾನ ಎಲ್ಲ ಊರಿಗೂ ಹೊಂದದು. ಕರ್ನಾಟಕದಲ್ಲಿ ಹೆಚ್ಚಾಗಿರುವ ರೇಷ್ಮೆಯ ಬಣ್ಣಗಾರಿಕೆಯಲ್ಲಿ ಆಮ್ಲೀಯ ದ್ರಾವಣದ ಆಸಿಡ್ ಬಣ್ಣಗಳನ್ನು ಬಳಸಿದಾಗ ಹತ್ತಿಯಷ್ಟು ಉಪ್ಪಿನ ಹೊರೆಯಿರುವುದಿಲ್ಲ. ಅಲ್ಲಿ ಬಣ್ಣ ತೆಗೆಯುವ ವಿಧಾನವೇ ಮುಖ್ಯ. ಹತ್ತಿಯಲ್ಲಿ ಹಾಗಲ್ಲ. ಯಾವುದೇ ಹೊಸ ವಿಧಾನವನ್ನು ಬಣ್ಣ ಎಷ್ಟು ಪ್ರತಿಶತ ಇಳಿಯಿತು ಎಂಬ ಒಂದೇ ಅಂಕಿಯಿಂದ ಅಳೆಯದೆ, ಉಳಿದ ಅಮೀನು, ಹುಟ್ಟಿದ ಕೆಸರು, ಸೇರಿದ ಲವಣ, ತಗುಲಿದ ಇಂಧನ ಇವೆಲ್ಲದರ ಲೆಕ್ಕದೊಂದಿಗೆ, ಘಟಕದ ನಿಜವಾದ ತ್ಯಾಜ್ಯನೀರಿನಲ್ಲಿ ಪರೀಕ್ಷಿಸಬೇಕಾಗುತ್ತದೆ.