ಎರಡನೇ ಸಲ ಬಂದದ್ದು ಕಾಣದಾದಾಗ

1859ರಲ್ಲಿ ಜರ್ಮನಿಯ ಶರೀರವಿಜ್ಞಾನಿ ಫೋಲ್ಕ್‌ಮನ್ ವಿವರಿಸಿದ ಟ್ಯಾಕಿಸ್ಟೊಸ್ಕೋಪಿನ ಕೆಲಸ ಇಷ್ಟೇ: ಚಿತ್ರವನ್ನು ಕ್ಷಣಮಾತ್ರ ತೋರಿಸಿ ಮರೆಮಾಡುವುದು. ಶತಮಾನ ಕಳೆದ ಮೇಲೆ, 1970ರಲ್ಲಿ, ಮನೋಭಾಷಾವಿಜ್ಞಾನಿ ಕೆನೆತ್ ಫಾರ್ಸ್ಟರ್ ವಾಕ್ಯದ ಪದಗಳನ್ನು ಒಂದೇ ಜಾಗದಲ್ಲಿ ಒಂದರ ಹಿಂದೊಂದು ಓಡಿಸಿದರು. 1975ರಲ್ಲಿ ಮನೋವಿಜ್ಞಾನಿ ಮೇರಿ ಪಾಟರ್ ಚಿತ್ರಗಳನ್ನು ಹಾಗೆ ಓಡಿಸಿದಾಗ, ಒಂದೊಂದು ಚಿತ್ರ ಸೆಕೆಂಡಿನ ಎಂಟನೇ ಒಂದು ಪಾಲು ಮಾತ್ರ ಕಂಡರೂ, ಏನನ್ನು ಹುಡುಕಬೇಕೆಂದು ಮೊದಲೇ ಕೇಳಿದ್ದವರು ಅದನ್ನು ಬಹುಪಾಲು ಪತ್ತೆಹಚ್ಚಿದರು.

ನಿಜವಾದ ಅಚ್ಚರಿ ಬಂದದ್ದು 1987ರಲ್ಲಿ.

ಅಮೆರಿಕದ ಮನೋವಿಜ್ಞಾನಿ ನ್ಯಾನ್ಸಿ ಕ್ಯಾನ್‌ವಿಶರ್ ಹೀಗೆಯೇ ಪದಪದವಾಗಿ ಓಡಿಸಿ ತೋರಿಸಿದ ಇಂಗ್ಲಿಷ್ ವಾಕ್ಯವೊಂದರಲ್ಲಿ, ಶಾಯಿ ಚೆಲ್ಲಿದಾಗ ಎಲ್ಲೆಡೆ ಶಾಯಿಯೇ ಆಯಿತು ಎಂಬರ್ಥದಲ್ಲಿ, 'ಇಂಕ್' ಎರಡು ಸಲ ಬರುತ್ತಿತ್ತು. ಓದಿದವರು ಎರಡನೆಯದನ್ನು ಬಿಟ್ಟೇ ಒಪ್ಪಿಸುತ್ತಿದ್ದರು. ವಾಕ್ಯ ಮುರಿದುಬಿದ್ದರೂ ಅದು ಮರಳಿ ಬರುತ್ತಿರಲಿಲ್ಲ! ಒಂದು ಸಲ ಸಣ್ಣಕ್ಷರ, ಇನ್ನೊಂದು ಸಲ ದೊಡ್ಡಕ್ಷರ ಬಳಸಿದರೂ ಅಷ್ಟೇ.

ಕ್ಯಾನ್‌ವಿಶರ್ ಅವರ ವಿವರಣೆ ಸೊಗಸಾಗಿದೆ. ಇದು ಯಾವ ವಸ್ತು ಎಂದು ಗುರುತಿಸುವುದು ಬೇರೆ, ಇದು ಮತ್ತೊಂದು ಸಲ ಬಂದಿದೆ ಎಂದು ಪ್ರತ್ಯೇಕವಾಗಿ ದಾಖಲಿಸುವುದು ಬೇರೆ. ವೇಗ ಹೆಚ್ಚಿದಾಗ ಸೋಲುವುದು ಎರಡನೆಯದು. ಮುಂದೆ ವಸ್ತುಗಳ ಚಿತ್ರಗಳಲ್ಲೂ ಈ 'ಪುನರಾವರ್ತನೆಯ ಕುರುಡು' ಕಂಡುಬಂತು. ಇದು ನೋಟದ ಸೋಲಲ್ಲ, ನೆನಪಿನಿಂದ ಮರಳಿ ಕಟ್ಟುವಾಗಿನ ಸೋಲು ಎಂದು 1990ರ ದಶಕದಲ್ಲಿ ಮನೋವಿಜ್ಞಾನಿ ಬ್ರೂಸ್ ವಿಟ್ಲ್‌ಸೀ ಮತ್ತು ಸಂಗಡಿಗರು ವಾದಿಸಿದರು. ಚರ್ಚೆ ಅಲ್ಲಿಂದ ಇನ್ನಷ್ಟು ಕಾವೇರಿತು.