ಫಲಕದ ಮೇಲಿನ ಮಾತು ಯಾರದು?

ಮೋಟಾರು ವಾಹನದ ಬೆನ್ನಿಗೆ ಕಟ್ಟುವ ಮೊಳ ಸಾಲದ ತಗಡೊಂದು ವಾಕ್ಸ್ವಾತಂತ್ರ್ಯದಂಥ ಗಹನ ವಿಷಯದ ವಿಚಾರಣೆಗೆ ನಿಮಿತ್ತವಾದೀತೆಂದು ಅದನ್ನು ಮೊದಲು ರೂಪಿಸಿದವರು ಎಣಿಸಿರಲಾರರು. 1901ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ವಾಹನಗಳಿಗೆ ಗುರುತಿರಬೇಕೆಂದು ವಿಧಿಸಿದಾಗ, ಒಡೆಯರು ತಮ್ಮ ಹೆಸರಿನ ಮೊದಲಕ್ಷರಗಳನ್ನು ತಾವೇ ಬರೆಯಿಸಿ ತೂಗುಹಾಕಿಕೊಳ್ಳುತ್ತಿದ್ದರು. 1903ರಲ್ಲಿ ಮಸಾಚುಸೆಟ್ಸ್ ಸಂಸ್ಥಾನವು ತಾನೇ ಫಲಕಗಳನ್ನು ಮಾಡಿಸಿ ಕೊಡತೊಡಗಿದ ಮೇಲೆ ಹೆಸರಿದ್ದ ಎಡೆಯಲ್ಲಿ ಅಂಕೆ ಬಂದು ಕುಳಿತಿತು. 1937ರಲ್ಲಿ ಕನೆಕ್ಟಿಕಟ್ ಸಂಸ್ಥಾನವು ದೋಷವಿಲ್ಲದೆ ವಾಹನ ನಡೆಸಿದವರಿಗೆ ಅವರ ಮೊದಲಕ್ಷರಗಳನ್ನು ಮರಳಿ ಕೊಟ್ಟಿತು; ಕ್ರಮೇಣ ಹೆಚ್ಚಿನ ಶುಲ್ಕ ತೆತ್ತವರು ಆರೇಳು ಅಕ್ಷರಗಳೊಳಗೆ ತಮಗಿಷ್ಟವಾದ ಮಾತನ್ನೇ ಬರೆಯಿಸಿಕೊಳ್ಳುವ ಪದ್ಧತಿ ಅಮೆರಿಕದ ಸಂಸ್ಥಾನಗಳಲ್ಲೆಲ್ಲ ಹಬ್ಬಿತು. ನಮ್ಮ ಆರ್‌ಟಿಒ ಕಚೇರಿಗಳು ಹರಾಜು ಹಾಕುವುದು ಫ್ಯಾನ್ಸಿ ನಂಬರನ್ನು ಮಾತ್ರ. ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು ಭಾಷೆ. ಮಾತನ್ನು ಕೊಂಡವರಿಗೂ ಮಾರಿದವರಿಗೂ ನಡುವೆ ಅದು ಯಾರ ಮಾತೆಂಬ ವಿವಾದ ಏಳದೆ ಇರಲು ಸಾಧ್ಯವಿರಲಿಲ್ಲ.

ಆದರೆ ಅಮೆರಿಕದ ಪರಮೋಚ್ಚ ನ್ಯಾಯಾಲಯವನ್ನು ಮೊದಲು ಮುಟ್ಟಿದ ಪ್ರಕರಣದಲ್ಲಿ ಪ್ರಜೆ ಕೇಳಿದ್ದು ಮಾತನಾಡುವ ಹಕ್ಕನ್ನಲ್ಲ, ಮೌನವಾಗಿರುವ ಹಕ್ಕನ್ನು. ‘ಸ್ವತಂತ್ರನಾಗಿ ಬಾಳು, ಇಲ್ಲವೆ ಮಡಿ’ ಎಂಬ ತನ್ನ ಧ್ಯೇಯವಾಕ್ಯವನ್ನು ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನವು ಫಲಕಗಳ ಮೇಲೆ ಅಚ್ಚೊತ್ತಿಸಿತ್ತು. ಯೆಹೋವನ ಸಾಕ್ಷಿಗಳೆಂಬ ಪಂಥಕ್ಕೆ ಸೇರಿದ ಗೃಹಸ್ಥನೊಬ್ಬನು ಅದು ತನ್ನ ಅಂತಃಸಾಕ್ಷಿಗೆ ವಿರುದ್ಧವೆಂದು ಮುಚ್ಚಿಬಿಟ್ಟು, ದಂಡ ತೆರಲು ಒಪ್ಪದೆ, ಹದಿನೈದು ದಿನ ಸೆರೆಮನೆಯಲ್ಲಿದ್ದು ಬಂದನು. ಪ್ರಜೆಯ ಸ್ವತ್ತನ್ನು ಸರಕಾರವು ತನ್ನ ತತ್ತ್ವಗಳ ಸಂಚಾರಿ ಜಾಹೀರಾತನ್ನಾಗಿ ಮಾಡಿಕೊಳ್ಳಲಾಗದೆಂದು ಮುಖ್ಯ ನ್ಯಾಯಾಧೀಶ ವಾರೆನ್ ಬರ್ಗರರು 1977ರಲ್ಲಿ ತೀರ್ಪಿತ್ತರು. ಮುಂದಿನ ಹಲವು ವ್ಯಾಜ್ಯಗಳಿಗೆ ಇದೇ ತಳಹದಿ.

ಒಡೆಯರು ಕೇಳುವ ಮಾತುಗಳನ್ನು ಸೋಸಲು ಸಂಸ್ಥಾನಗಳು ‘ಸದಭಿರುಚಿ’, ‘ಸಾರ್ವಜನಿಕ ನೀತಿ’ ಎಂಬ ಪದಗಳನ್ನು ನಿಯಮಗಳಲ್ಲಿ ಸೇರಿಸಿಕೊಂಡು, ಅವುಗಳ ಅರ್ಥನಿರ್ಣಯವನ್ನು ಕಚೇರಿಯ ಗುಮಾಸ್ತರಿಗೆ ಬಿಟ್ಟವು. ಮಿಸೂರಿಯಲ್ಲಿ ‘ಆರ್ಯನ್-1’ ಎಂಬ ಫಲಕಕ್ಕೆ ತಡೆಯುಂಟಾಯಿತು. ನಮ್ಮಲ್ಲಿ ಮಗುವಿಗೆ ಅಕ್ಕರೆಯಿಂದ ಇಡುವ ಈ ಹೆಸರು ಅಲ್ಲಿ ಬಿಳಿಯರ ಜನಾಂಗಮದದ ಧ್ವಜವಾಗಿದೆ. ಹೇಯವೆನಿಸುವುದು ಅಕ್ಷರಗಳಲ್ಲಿ ಇಲ್ಲ, ಓದುವವರ ಚರಿತ್ರೆಯಲ್ಲಿದೆ. ಆ ಜನಾಂಗಮದವನ್ನು ನಾನು ಕಿಂಚಿತ್ತೂ ಆದರಿಸೆನು. ಆದರೂ ಅಧಿಕಾರಿಯ ಇಚ್ಛೆಗೆ ಮೇರೆಯನ್ನೇ ಇಡದ ಕಾನೂನು ನಿಲ್ಲದೆಂದು 2001ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಹೇಳಿದ್ದು ಸರಿಯೆಂದೇ ನನ್ನ ಅಭಿಪ್ರಾಯ. ವರ್ಮಾಂಟಿನವರಂತೂ ಧಾರ್ಮಿಕ ಸಂದೇಶಗಳನ್ನೆಲ್ಲ ನಿಷೇಧಿಸಿದ್ದರು. ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದ ಹದಿನಾರನೆಯ ವಚನವನ್ನು ಸಂಕೇತಾಕ್ಷರಗಳಲ್ಲಿ ಕೇಳಿದವನೊಬ್ಬನು 2010ರಲ್ಲಿ ಗೆದ್ದನು.

ಈ ಮಾಲೆಯಲ್ಲಿ ನನ್ನನ್ನು ಬಹುವಾಗಿ ಕಾಡಿದ್ದು 2014ರ ಇನ್ನೊಂದು ನ್ಯೂ ಹ್ಯಾಂಪ್‌ಶೈರ್ ಪ್ರಕರಣ. ಪೋಲೀಸರು ಸುಳ್ಳಾಡುತ್ತಾರೆಂಬ ಅರ್ಥದ ‘ಕಾಪ್ಸ್ ಲೈ’ ಎಂಬ ಫಲಕವನ್ನು ಬೇಡಿದವನಿಗೆ ಅದು ಸದಭಿರುಚಿಗೆ ಸಲ್ಲದೆಂಬ ಉತ್ತರ ದೊರೆಯಿತು. ಸರಕಾರವು ಶ್ರೇಷ್ಠವೆಂಬ ಅರ್ಥದ ‘ಗ್ರೇಟ್ ಗವರ್ನ್‌ಮೆಂಟ್’ ಎಂಬುದನ್ನು ಸಂಕ್ಷೇಪಿಸಿ ಕೇಳಿದಾಗ ಅದೇ ಕಚೇರಿ ತಡೆಯಿಲ್ಲದೆ ಕೊಟ್ಟಿತು. ನಿಂದೆಗೆ ಮುಚ್ಚಿ ಸ್ತುತಿಗೆ ತೆರೆದುಕೊಳ್ಳುವ ಬಾಗಿಲಿಗೆ ಅಭಿರುಚಿಯೆಂಬ ಹೆಸರು ಸಲ್ಲುವುದೆ? ‘ಸದಭಿರುಚಿ’ ಎಂಬುದು ಕಾನೂನಿನ ಅಳತೆಗೋಲಾಗಲಾರದಷ್ಟು ಅಸ್ಪಷ್ಟವೆಂದು ಆ ಸಂಸ್ಥಾನದ ಉನ್ನತ ನ್ಯಾಯಾಲಯವೇ ನಿಯಮವನ್ನು ತೊಡೆದುಹಾಕಿತು.

ಮರುವರ್ಷವೇ ಪ್ರವಾಹದ ದಿಕ್ಕು ಬದಲಾಯಿತು. ಅಂತರ್ಯುದ್ಧದಲ್ಲಿ ದಕ್ಷಿಣದವರ ಪರವಾಗಿ ಹೋರಾಡಿದ ಸೈನಿಕರ ವಂಶಜರ ಸಂಘವೊಂದು ಆ ಪಕ್ಷದ ಧ್ವಜಚಿತ್ರವುಳ್ಳ ವಿಶೇಷ ಫಲಕವನ್ನು ಟೆಕ್ಸಾಸಿನಲ್ಲಿ ಕೇಳಿತ್ತು. ಅನೇಕರಿಗೆ ಆ ಧ್ವಜವು ದ್ವೇಷದ ಸಂಕೇತವಾಗಿ ನೋವುಂಟುಮಾಡುವುದೆಂದು ಸಂಸ್ಥಾನವು ನಿರಾಕರಿಸಿತು. ಇಂಥ ಫಲಕಗಳ ಚಿತ್ರ-ವಾಕ್ಯಗಳು ಸರಕಾರದ ಸ್ವಂತ ಮಾತೆಂದೂ, ತನ್ನ ಮಾತನ್ನು ಆರಿಸಿಕೊಳ್ಳಲು ಸರಕಾರಕ್ಕೆ ಸ್ವಾತಂತ್ರ್ಯವುಂಟೆಂದೂ ಪರಮೋಚ್ಚ ನ್ಯಾಯಾಲಯದ ನ್ಯಾಯಾಧೀಶ ಸ್ಟೀಫನ್ ಬ್ರೇಯರರು 2015ರಲ್ಲಿ ಐವರ ಬಹುಮತದಿಂದ ವಿಧಿಸಿದರು; ಸಾಮಾನ್ಯವಾಗಿ ಸಂಪ್ರದಾಯವಾದಿ ನ್ಯಾಯಾಧೀಶರೊಡನೆ ಎಣಿಸಲ್ಪಡುವ ಕ್ಲಾರೆನ್ಸ್ ಥಾಮಸರು ಈ ಬಾರಿ ಅವರ ಜೊತೆಗೂಡಿದ್ದರು. ಭಿನ್ನಮತವನ್ನು ಬರೆದ ಸ್ಯಾಮ್ಯುಯೆಲ್ ಅಲಿಟೊ, ಗಾಲ್ಫ್ ಆಟವನ್ನು ಹೊಗಳುವ ಫಲಕವನ್ನು ಹೆದ್ದಾರಿಯಲ್ಲಿ ಕಂಡವನು ಅದು ಟೆಕ್ಸಾಸ್ ಸರಕಾರದ ನೀತಿಯೆಂದು ಭಾವಿಸುವನೇ ಎಂದು ಕೇಳಿದರು. ಟೆಕ್ಸಾಸಿನ ನಿರಾಕರಣೆಯಲ್ಲಿದ್ದ ಮಾನವೀಯತೆಗೆ ನಾನು ಗೌರವವಿತ್ತರೂ, ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಬಹುಮತದವರ ತೀರ್ಪಿನಲ್ಲಿ ನನಗೆ ಕಾಣಲಿಲ್ಲ.

ಬ್ರೇಯರರು ತಮ್ಮ ನಿರ್ಣಯವು ವಿಶೇಷ ಫಲಕಗಳಿಗೆ ಮಾತ್ರ ಅನ್ವಯಿಸುವುದೆಂದೂ, ಒಡೆಯನೇ ಅಕ್ಷರಗಳನ್ನು ಆಯ್ದುಕೊಳ್ಳುವ ಫಲಕಗಳ ಪ್ರಶ್ನೆ ತಮ್ಮ ಮುಂದಿಲ್ಲವೆಂದೂ ಸ್ಪಷ್ಟವಾಗಿ ಬರೆದಿದ್ದರು. ಬಿಟ್ಟ ಆ ಎಡೆಯಲ್ಲೇ ಅಂದಿನಿಂದ ನ್ಯಾಯಾಲಯಗಳು ಇಬ್ಭಾಗವಾಗಿವೆ. ಪೋಲೀಸ್ ಅಧಿಕಾರಿಯೊಬ್ಬನು ಹಂದಿಯ ಗುಟುರನ್ನು ಸೂಚಿಸುವ ಅಕ್ಷರಗಳನ್ನು ಹಾಕಿಸಿಕೊಂಡಿದ್ದ ಇಂಡಿಯಾನಾದಲ್ಲಿ ಅವು ಸರಕಾರದ ಮಾತೆಂದು 2015ರಲ್ಲೇ ತೀರ್ಮಾನವಾಯಿತು. ಮೇರಿಲ್ಯಾಂಡಿನಲ್ಲಿ ಸ್ಪ್ಯಾನಿಷ್ ಬೈಗುಳವೊಂದರ ಬಗ್ಗೆ 2016ರಲ್ಲಿ ಬಂದ ತೀರ್ಪು, ಮಾತು ಒಡೆಯನದಾದರೂ ಮಿತವಾದ ನಿರ್ಬಂಧ ಸಲ್ಲುವುದೆಂದು ನಡುದಾರಿ ಹಿಡಿಯಿತು. ಕ್ಯಾಲಿಫೋರ್ನಿಯದಲ್ಲಿ, ಹಿಂದೆ ಸಲಿಂಗಪ್ರೇಮಿಗಳನ್ನು ಜರೆಯಲು ಬಳಕೆಯಲ್ಲಿದ್ದು ಈಗ ಅವರೇ ಅಭಿಮಾನದಿಂದ ಧರಿಸುವ ‘ಕ್ವಿಯರ್’ ಎಂಬ ಪದವನ್ನು ಅಧಿಕಾರಿಗಳು ತಿರಸ್ಕರಿಸಿದಾಗ, ಸದಭಿರುಚಿಯ ನಿಯಮವು 2020ರಲ್ಲಿ ಅಲ್ಲಿಯೂ ಬಿದ್ದುಹೋಯಿತು.

ಓಹಾಯೊ ಸಂಸ್ಥಾನದಲ್ಲಿ ಹನ್ನೆರಡು ವರ್ಷ ‘ನಾನು ದೇವರು’ ಎಂಬ ಅರ್ಥದ ಫಲಕದೊಡನೆ ನಿರಾತಂಕವಾಗಿ ಓಡಾಡಿದ ನಾಸ್ತಿಕನೊಬ್ಬನು ಕೆಂಟಕಿಗೆ ವಾಸ ಬದಲಿಸಿದಾಗ ಅದೇ ಫಲಕ ಅವನಿಗೆ ದೊರೆಯಲಿಲ್ಲ. ದೇವರನ್ನು ಪ್ರೀತಿಸೆನ್ನುವ ಫಲಕವನ್ನು ಆ ಸಂಸ್ಥಾನವು ಇನ್ನೊಬ್ಬರಿಗೆ ಕೊಟ್ಟಿತ್ತು. ಇಂಥ ಫಲಕಗಳು ಸರಕಾರದ ಮಾತಲ್ಲವೆಂದ ಫೆಡರಲ್ ನ್ಯಾಯಾಧೀಶರು 2019ರಲ್ಲಿ ಅವನ ಪಕ್ಷಕ್ಕೆ ತೀರ್ಪಿತ್ತರು. ಕೆಂಟಕಿಯ ದಕ್ಷಿಣಕ್ಕಿರುವ ಟೆನೆಸಿಯಲ್ಲಿ, 2010ರಿಂದ ತನ್ನಲ್ಲಿದ್ದ ಫಲಕವನ್ನು ಅಶ್ಲೀಲವೆಂಬ ಕಾರಣದಿಂದ ಕಳೆದುಕೊಂಡ ಮಹಿಳೆಗೆ, ಅದು ಎಂದೂ ಆಕೆಯ ಮಾತಾಗಿರಲೇ ಇಲ್ಲ, ಸರಕಾರದ್ದಾಗಿತ್ತೆಂಬ ಉತ್ತರವು 2025ರ ಫೆಬ್ರವರಿಯಲ್ಲಿ ಅಲ್ಲಿನ ಉನ್ನತ ನ್ಯಾಯಾಲಯದಿಂದ ದೊರೆಯಿತು. ಆಕೆ ಹತ್ತು ವರ್ಷಗಳಿಗೂ ಮಿಕ್ಕಿ ಆ ಏಳು ಅಕ್ಷರಾಂಕಗಳನ್ನು ತನ್ನವೆಂದೇ ನಂಬಿ ದಾರಿ ಸವೆಸಿದ್ದಳು.