ಎತ್ತಿನ ನೊಗದಿಂದ ಎಂಜಿನ್ನಿನವರೆಗೆ

ತುಂಗಭದ್ರೆಯ ದಂಡೆಯ ಕುಮಾರಪಟ್ಟಣವಿರುವ ಹಾವೇರಿ ಸೀಮೆಯಲ್ಲಿ ದೀಪಾವಳಿ ಬಂತೆಂದರೆ ಹೋರಿ ಹಬ್ಬದ ಸಡಗರ. ಉತ್ತರ ಕರ್ನಾಟಕದ ಇನ್ನೊಂದು ಪಂದ್ಯ ತೆರಬಂಡಿ. ಗಾಲಿ ತಿರುಗದಂತೆ ಬಿಗಿದು ಭಾರ ಹೇರಿದ ಬಂಡಿಯನ್ನು ಎತ್ತುಗಳು ಗೊತ್ತಾದ ಸಮಯದಲ್ಲಿ ಎಷ್ಟು ದೂರ ಎಳೆಯುತ್ತವೆ ಎಂಬುದೇ ಅದರ ಪರೀಕ್ಷೆ.

ಅಮೆರಿಕದ ರೈತರೂ ಮೊದಲು ಕುದುರೆಗಳನ್ನು ಹೀಗೆ ಪಂದ್ಯಕ್ಕೆ ಹೂಡುತ್ತಿದ್ದರು. 1929ರಲ್ಲಿ ಮಿಸ್ಸೂರಿ ಮತ್ತು ಓಹಾಯೋ ರಾಜ್ಯಗಳಲ್ಲಿ ಟ್ರ್ಯಾಕ್ಟರುಗಳು ಕಣಕ್ಕಿಳಿದವು. ಮುಂದೆ ಹಳೆಯ ಪಿಕಪ್ ವಾಹನವನ್ನು ಮನೆಯಂಗಳದಲ್ಲೇ ಬಿಚ್ಚಿ, ಪಂದ್ಯಕ್ಕೆ ಸಜ್ಜುಗೊಳಿಸುವ ಹವ್ಯಾಸ ಬೆಳೆಯಿತು. ಅವು ಎಳೆಯುವ ಜಾರುಬಂಡಿ ಮುಂದೆ ಸಾಗಿದಂತೆ ಅದರ ಮೇಲಿನ ಭಾರವೂ ಮುಂದಕ್ಕೆ ಸರಿಯುತ್ತದೆ. ನೆಲದ ಘರ್ಷಣೆ ಹೆಚ್ಚುತ್ತದೆ. ಸಾಮಾನ್ಯವಾಗಿ 300 ಅಡಿ ಎಳೆದರೆ ಪೂರ್ಣ ಎಳೆತ.

ಇಲ್ಲಿ ಎಂಜಿನ್ನಿನ ಬಲವೊಂದೇ ಸಾಲದು. ಚಕ್ರ ನೆಲವನ್ನು ಹಿಡಿಯಬೇಕು. ಆದ್ದರಿಂದ ಎರಡೂ ಹಿಂಚಕ್ರಗಳು ಒಟ್ಟಿಗೆ ತಿರುಗುವಂತೆ ಡಿಫರೆನ್ಷಿಯಲ್ ಬಿಗಿಯುತ್ತಾರೆ. ಎಳೆಯುವ ಕೊಕ್ಕೆ ಎತ್ತರವಾದಷ್ಟೂ ವಾಹನದ ಮೂತಿ ಮೇಲೇಳುತ್ತದೆ. ಅದನ್ನು ತಡೆಯಲು ಮುಂಭಾಗಕ್ಕೆ ತೂಕ ಕಟ್ಟುತ್ತಾರೆ.

ಎಂಜಿನ್ನಿಗೆ ನೋವಿಲ್ಲ, ಎತ್ತಿಗಿದೆ. ಈ ಕಾರಣಕ್ಕಾಗಿಯೇ 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟನ್ನೂ ಬಂಡಿ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಬಂಡಿ ಓಟಕ್ಕೂ ಅವಕಾಶ ನೀಡಿತು. 2023ರಲ್ಲಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅನುಮತಿಯೇನೋ ದೊರೆಯಿತು. ಆದರೆ ಬಾರುಕೋಲು ಹಿಡಿದ ಕೈಗೆ ಕರುಣೆ ಕಲಿಸುವವರು ಯಾರು? ಮುಂದಿನ ಹಬ್ಬದಲ್ಲಿ ಕಣದ ಬಳಿ ನಿಂತಾಗ ನೀವೇ ಯೋಚಿಸಿ.